ಪುಕ್ಕಟೆ ಡೇಟಾಗೂ ಪಾಳಿ ಇರ್ತದ: 10 ಪೈಸೆಯಿಂದ ದಿನಕ್ಕೆ 1.5 ಜಿಬಿವರೆಗೆ



ಶುರು ಮಾಡೋಕೆ ಮುಂಚೆ ಒಂದು ಪ್ರಶ್ನೆ. ನಿನ್ನೆ ನಿಮ್ಮ ಫೋನಿಗೆ "ನಿಮ್ಮ ದಿನದ ಡೇಟಾ 50 ಪರ್ಸೆಂಟ್ ಮುಗಿದಿದೆ" ಅಂತ ಒಂದು ಮೆಸೇಜ್ ಬಂದಿರಬೇಕು. ಅದನ್ನ ಓದಿದ್ರಾ? ಇಲ್ಲ ಅಲ್ವಾ? ನಾನೂ ಓದಲ್ಲ. ಆದ್ರೆ ಆ ಮೆಸೇಜ್ ಕಂಪನಿಯವರು ಪ್ರೀತಿಯಿಂದ ಕಳಿಸೋದಲ್ಲ, ಕಳಿಸಲೇಬೇಕು ಅಂತ ಒಂದು ನಿಯಮ ಐತಿ. ಆ ನಿಯಮ ಬರೋಕೆ ಮುಂಚೆ ಎಷ್ಟೋ ಮನೆಗಳಲ್ಲಿ ರೊಕ್ಕ ಹೋಗಿದೆ, ಜಗಳ ಆಗಿದೆ. ನಮ್ಮ ಮನೇಲೂ ಆಗಿದೆ. ಇವತ್ತಿನ ಸಂಚಿಕೆ ಅದರ ಬಗ್ಗೆ.

2012. ನಾನು ಹೈಸ್ಕೂಲು. ನಮ್ಮೂರು ಗೋಕಾಕಕ್ಕೂ ಮೂಡಲಗಿಗೂ ನಡುವೆ ಬರೋ ಒಂದು ಹಳ್ಳಿ. ಅಪ್ಪನ ಹತ್ರ ಒಂದು ಕೀಪ್ಯಾಡ್ ಫೋನ್ ಇತ್ತು. ಬೆಳಿಗ್ಗೆ ಅಂಗಡೀಲಿ 50 ರೂಪಾಯಿ ಹಾಕಿಸಿದ್ರು. ಸಂಜೆ ಕಬ್ಬಿನ ಗಾಡಿಯವರಿಗೆ ಫೋನ್ ಮಾಡೋಣ ಅಂತ ನೋಡಿದ್ರೆ ಉಳಿದದ್ದು 4 ರೂಪಾಯಿ ಚಿಲ್ಲರೆ. "ಯಾರಿಗೆ ಫೋನ್ ಹಚ್ಚಿದ್ದೀ?" ಅಂತ ನನ್ನ ಕೇಳಿದ್ರು. ನಾನು ಯಾರಿಗೂ ಮಾಡಿರಲಿಲ್ಲ. ಗೇಮ್ ಆಡೋವಾಗ ನಡುವಿನ ಬಟನ್ ಒತ್ತಿಬಿಟ್ಟಿದ್ದೆ, ಯಾವುದೋ ಒಂದು ಪೇಜ್ ತೆರೀತು. ಒಂದೆರಡು ವಾಲ್‌ಪೇಪರ್ ನೋಡಿದ್ದೆ. ಅಷ್ಟೇ. ಅದನ್ನ ಹೇಳಿದ್ರೆ ಅಪ್ಪ ನಂಬಲಿಲ್ಲ. ಫೋಟೋ ನೋಡಿದ್ರೆ ರೊಕ್ಕ ಹೆಂಗ ಹೋಗ್ತದ ಅಂತ ಅವರ ಪ್ರಶ್ನೆ. ಅವತ್ತು ಬಿದ್ದ ಏಟು ಇನ್ನೂ ನೆನಪೈತಿ.

ಆ 46 ರೂಪಾಯಿ ಎಲ್ಲಿಗೆ ಹೋಯ್ತು ಅಂತ ನನಗೆ ತಿಳಿದದ್ದು ಮುಂದೆ ಬಿ.ಕಾಂನಲ್ಲಿ ಕಾಸ್ಟಿಂಗ್ ಓದುವಾಗ. ಅಲ್ಲಿ ಮೊದಲನೇ ಪಾಠವೇ ಇದು: ಬೆಲೆ ಎಷ್ಟು ಅಂತ ಕೇಳೋಕೆ ಮುಂಚೆ, ಯಾವ ಯೂನಿಟ್‌ಗೆ ಬೆಲೆ ಅಂತ ಕೇಳು. ನಮ್ಮ ಫೋನಿನ ಇತಿಹಾಸ ಅಂದ್ರೆ ಆ ಯೂನಿಟ್ ಬದಲಾದ ಇತಿಹಾಸ.

ಅಳತೆ ನಮಗೆ ಹೊಸದಲ್ಲ

ನಮ್ಮ ಭಾಗದವರಿಗೆ ಅಳೆದು ಕೊಡೋದು, ಪಾಳಿ ಹಚ್ಚೋದು ಹೊಸದೇನಲ್ಲ. ಗೋಕಾಕ ಫಾಲ್ಸ್ ನೋಡಿದ್ದೀರಲ್ಲ, ಆ ಘಟಪ್ರಭಾ ನೀರಿನ ಶಕ್ತಿ ನಂಬಿಕೊಂಡೇ 1880ರ ದಶಕದಲ್ಲಿ ಗೋಕಾಕ ಮಿಲ್ ಶುರುವಾದದ್ದು. ಧೂಪದಾಳದ ಒಡ್ಡಿನಿಂದ ಹೊರಡೋ ಕಾಲುವೆ ನೀರಿಗೆ ಇವತ್ತಿಗೂ ಪಾಳಿ. ಮೇಲೆ ಹಿಡಕಲ್ ಡ್ಯಾಮ್ ಐತಿ, ಅದು ಹುಕ್ಕೇರಿ ತಾಲೂಕು. ಅಲ್ಲಿಂದ ನೀರು ಯಾವಾಗ ಬಿಡ್ತಾರೆ, ಎಷ್ಟು ದಿನ ಬಿಡ್ತಾರೆ ಅನ್ನೋದು ನಮ್ಮ ಕಡೆ ಎಲ್ಲ ಚಹಾದಂಗಡಿಯ ಮಾತು.

ಕರೆಂಟಿನ ಕಥೆ ಇನ್ನೂ ಚೊಲೋ ಐತಿ. 1969ರಲ್ಲಿ ದೇಶದಾಗ ಪ್ರಯೋಗ ಅಂತ ಐದು ಕಡೆ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಮಾಡಿದ್ರು. ಕರ್ನಾಟಕದಾಗ ಆರಿಸಿದ್ದು ಒಂದೇ ತಾಲೂಕು, ಹುಕ್ಕೇರಿ. ಅಂದ್ರೆ ಅಲ್ಲಿ ಕರೆಂಟ್ ಹಂಚೋದು ಸಹಕಾರಿ ಸಂಘ. ಗ್ರಾಹಕರೇ ಅದರ ಸದಸ್ಯರು, ಆಡಳಿತ ಮಂಡಳಿಗೆ ಓಟ್ ಹಾಕೋರೂ ಅವರೇ. ಆ ಚುನಾವಣೆ ಎಷ್ಟು ಜೋರಾಗಿ ನಡೀತದ ಅಂತ ಹುಕ್ಕೇರಿಯವರನ್ನ ಕೇಳ್ರಿ. ಮೀಟರ್ ಯಾರ ಕೈಯಲ್ಲಿರಬೇಕು ಅನ್ನೋದು ಸಣ್ಣ ಪ್ರಶ್ನೆ ಅಲ್ಲ ಅಂತ ಅವರಿಗೆ ಗೊತ್ತು.

ಇದನ್ನ ಯಾಕೆ ಹೇಳಿದೆ ಅಂದ್ರೆ, ಡೇಟಾ ಕಥೇಲೂ ಕೊನೆಗೆ ಬರೋದು ಇದೇ ಪ್ರಶ್ನೆ. ನೆನಪಿಟ್ಟುಕೊಳ್ರಿ.

ಮೊದಲು ಗಂಟೆಯ ಲೆಕ್ಕ

1986ರ ಜುಲೈನಲ್ಲಿ ನಮ್ಮ ಜಿಲ್ಲೆಯ ಕಿತ್ತೂರಿನಲ್ಲೇ ಸಿ-ಡಾಟ್ ಸಂಸ್ಥೆಯ ಮೊದಲ ಗ್ರಾಮೀಣ ಟೆಲಿಫೋನ್ ಎಕ್ಸ್‌ಚೇಂಜ್ ಶುರುವಾಯ್ತು. ಹೌದು, ಚೆನ್ನಮ್ಮನ ಕಿತ್ತೂರೇ. ಧೂಳು, ಸೆಕೆ ತಡ್ಕೊಂಡು, ಎಸಿ ಇಲ್ಲದೆ ನಡೆಯೋ ಹಂಗ ನಮ್ಮ ದೇಶದವರೇ ಮಾಡಿದ ಸಣ್ಣ ಎಕ್ಸ್‌ಚೇಂಜ್ ಅದು. ಅದರ ನಂತರ ಹಳ್ಳಿ ಹಳ್ಳಿಗೆ ಫೋನ್ ಬಂತು, ಹಳದಿ ಬೋರ್ಡಿನ ಎಸ್‌ಟಿಡಿ ಬೂತ್ ಬಂತು. ಅಲ್ಲಿ ಕೆಂಪು ಅಂಕಿ ಓಡೋ ಮೀಟರ್ ಇರ್ತಿತ್ತಲ್ಲ, ನಮ್ಮ ಅವ್ವ ಅದನ್ನೇ ನೋಡ್ಕೋತ ಮಾತಾಡ್ತಿದ್ಲಂತೆ. ರಾತ್ರಿ ತಡವಾದ ಮೇಲೆ ದರ ಕಡಿಮೆ ಆಗೋದು. ಅದಕ್ಕೇ ಬೂತ್ ಮುಂದೆ ಊಟ ಆದ ಮೇಲೆ ಪಾಳಿ ಹಚ್ಚಿ ನಿಲ್ಲೋರು. ಅಂದ್ರೆ, ಕಡಿಮೆ ದರದ ಹೊತ್ತು ನೋಡ್ಕೊಂಡು ಬಳಸೋ ಬುದ್ಧಿ ನಮ್ಮ ಹಿರಿಯರಿಗೆ ಆಗಲೇ ಇತ್ತು.

1995ರ ಆಗಸ್ಟ್ 15ಕ್ಕೆ ವಿಎಸ್‌ಎನ್‌ಎಲ್ ಜನಸಾಮಾನ್ಯರಿಗೆ ಇಂಟರ್ನೆಟ್ ಕೊಡೋಕೆ ಶುರು ಮಾಡ್ತು. ಜನಸಾಮಾನ್ಯರಿಗೆ ಅಂತ ಹೆಸರು ಅಷ್ಟೇ. 250 ಗಂಟೆಯ ಒಂದು ಖಾತೆಗೆ 15,000 ರೂಪಾಯಿ. ವಿದ್ಯಾರ್ಥಿಗಳಿಗೆ 500 ರೂಪಾಯಿಗೆ ಒಂದು ಖಾತೆ ಇತ್ತು, ಆದ್ರೆ ಅದರಲ್ಲಿ ಬರೀ ಅಕ್ಷರ ಕಾಣೋದು, ಚಿತ್ರ ಇಲ್ಲ. ಮೇಲೆ ಫೋನ್ ಬಿಲ್ ಬೇರೆ. ಅಲ್ಲಿ ಯೂನಿಟ್ ಅಂದ್ರೆ ಗಂಟೆ. ನೀವು ಎಷ್ಟು ಡೌನ್‌ಲೋಡ್ ಮಾಡಿದ್ರಿ ಅಂತ ಯಾರೂ ಕೇಳಲ್ಲ, ಎಷ್ಟು ಹೊತ್ತು ಕೂತ್ರಿ ಅಂತ ಕೇಳ್ತಾರೆ. ಸೈಬರ್ ಕೆಫೆ ನಡೆದದ್ದೂ ಅದೇ ಲೆಕ್ಕದ ಮೇಲೆ.

ಗಂಟೆ ಲೆಕ್ಕದಲ್ಲಿ ಒಂದು ಅನುಕೂಲ ಐತಿ: ಗಡಿಯಾರ ನಿಮಗೂ ಕಾಣ್ತದ, ಮಾರೋರಿಗೂ ಕಾಣ್ತದ. ಮೋಸ ಆದ್ರೆ ಅಲ್ಲೇ ಕೇಳಬಹುದು.

ಆಮೇಲೆ ಎಂಬಿ ಲೆಕ್ಕ

2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ ಡೇಟಾಒನ್ ಅಂತ ಬ್ರಾಡ್‌ಬ್ಯಾಂಡ್ ತಂತು. ಯಾವಾಗಲೂ ಆನ್ ಇರೋ ಇಂಟರ್ನೆಟ್. ಗಂಟೆ ಲೆಕ್ಕ ಹೋಯ್ತು. ಎಲ್ಲರಿಗೂ ಖುಷಿ. ಆದ್ರೆ ಅದರ ಜಾಗದಲ್ಲಿ ಬಂದದ್ದು ಎಂಬಿ ಲೆಕ್ಕ. ಕಡಿಮೆ ಬಾಡಿಗೆಯ ಮನೆ ಪ್ಲ್ಯಾನ್‌ಗಳಲ್ಲಿ ತಿಂಗಳಿಗೆ 1 ಜಿಬಿ ಆಸುಪಾಸು ಮಿತಿ. ದಾಟಿದ್ರೆ ಪ್ರತಿ ಎಂಬಿಗೆ ಸುಮಾರು ಒಂದು ರೂಪಾಯಿ. ಗಡಿಯಾರ ಎಲ್ಲರಿಗೂ ಕಾಣ್ತಿತ್ತು, ಎಂಬಿ ಯಾರಿಗೂ ಕಾಣಲ್ಲ. ಬಿಲ್ ಬಂದ ಮೇಲೇ ಗೊತ್ತಾಗೋದು.

2007ರ ಜನವರಿಯಲ್ಲಿ ಇನ್ನೊಂದು ಮಜಾ ಆಯ್ತು. ಬ್ರಾಡ್‌ಬ್ಯಾಂಡ್ ವೇಗವನ್ನ 2 ಎಂಬಿಪಿಎಸ್‌ಗೆ ಏರಿಸಿದ್ರು. ಕೇಳೋಕೆ ಒಳ್ಳೇ ಸುದ್ದಿ. ಲೆಕ್ಕ ಮಾಡ್ರಿ ಈಗ. ಪೂರ್ತಿ ವೇಗ ಸಿಕ್ಕರೆ 1 ಎಂಬಿ ಇಳಿಯೋಕೆ 4 ಸೆಕೆಂಡ್. 1 ಜಿಬಿ ಒಂದು ಗಂಟೆ ಚಿಲ್ಲರೆಯಲ್ಲಿ ಖಾಲಿ. ಇಡೀ ತಿಂಗಳ ಕೋಟಾ ಒಂದು ಸಿನಿಮಾ ಮುಗಿಯೋದ್ರೊಳಗೆ ಮುಗೀತು! ವೇಗ ಏರಿದಷ್ಟೂ ಮಿತಿ ಹತ್ರ ಬರ್ತದ. ಇದು ಇವತ್ತಿನ 5ಜಿಗೂ ಅನ್ವಯ ಆಗೋ ಪಾಠ.

ಆ ಕಾಲದವರು ಇದಕ್ಕೆ ಕಂಡುಕೊಂಡ ಉಪಾಯ ರಾತ್ರಿ. ಬಿಎಸ್‌ಎನ್‌ಎಲ್‌ನ ಕೆಲವು ಪ್ಲ್ಯಾನ್‌ಗಳಲ್ಲಿ ರಾತ್ರಿ 2ರಿಂದ ಬೆಳಿಗ್ಗೆ 8ರವರೆಗೆ ಎಷ್ಟು ಬಳಸಿದ್ರೂ ಲೆಕ್ಕ ಇಲ್ಲ. ಹಾಗಾಗಿ ಅಲಾರಂ ಇಟ್ಕೊಂಡು ಎದ್ದು ಡೌನ್‌ಲೋಡ್ ಹಚ್ಚಿ ಮಲಗೋದು, 8ರೊಳಗೆ ಎದ್ದು ಮೋಡೆಮ್ ಬಂದ್ ಮಾಡೋದು. ಮರೆತು 9ಕ್ಕೆ ಎದ್ದರೆ ಆ ಒಂದು ಗಂಟೆಗೆ ನೂರಾರು ರೂಪಾಯಿ.

ಬೆಂಗಳೂರಿನ ಗೆಳೆಯರಿಗೆ ಇದು ತಮಾಷೆ ಕಥೆ. ನಮ್ಮ ಕಡೆಯವರಿಗೆ ತಮಾಷೆ ಅಲ್ಲ. ತ್ರೀ ಫೇಸ್ ಕರೆಂಟ್ ರಾತ್ರಿ ಪಾಳಿಗೆ ಬಂದಾಗ ಕಂಬಳಿ ಹೊದ್ದು, ಬ್ಯಾಟರಿ ಹಿಡ್ಕೊಂಡು ಹೊಲಕ್ಕೆ ಹೋಗಿ ಮೋಟರ್ ಹಚ್ಚೋರು ನಮ್ಮ ಅಪ್ಪಂದಿರು. ಎರಡೂ ಒಂದೇ ಲೆಕ್ಕ: ಯಾರಿಗೂ ಬೇಡವಾದ ಹೊತ್ತಿನಲ್ಲಿ ಉಳಿದದ್ದನ್ನ ಕೊಡ್ತಾರೆ, ಬೇಕಾದವರು ನಿದ್ದೆಗೆಟ್ಟು ತಗೋಬೇಕು.

10 ಕೆಬಿಗೆ 10 ಪೈಸೆ

ಈಗ ಅಪ್ಪನ 46 ರೂಪಾಯಿಗೆ ಬರೋಣ. ಮೊಬೈಲ್‌ನಲ್ಲಿ ಜಿಪಿಆರ್‌ಎಸ್ ಬಂದ ಮೇಲೆ, ಪ್ಯಾಕ್ ಹಾಕಿಸದವರಿಗೆ ಹಲವು ಕಂಪನಿಗಳಲ್ಲಿದ್ದ ದರ 10 ಕೆಬಿಗೆ 10 ಪೈಸೆ. ಕೇಳೋಕೆ ಎಷ್ಟು ಸಣ್ಣದು ನೋಡ್ರಿ. 10 ಪೈಸೆ! ಆ ನಾಣ್ಯನೇ ಆಗ ಚಲಾವಣೆಯಲ್ಲಿ ಇರಲಿಲ್ಲ. ಆದ್ರೆ ಗುಣಾಕಾರ ಮಾಡ್ರಿ. 1 ಎಂಬಿಗೆ 10 ರೂಪಾಯಿ ಚಿಲ್ಲರೆ. 1 ಜಿಬಿಗೆ 10 ಸಾವಿರ ರೂಪಾಯಿಗೂ ಹೆಚ್ಚು. ಇವತ್ತು ನೀವು ರೀಲ್ಸ್ ನೋಡ್ಕೋತ ಒಂದೇ ದಿನದಾಗ ಮುಗಿಸೋ 1.5 ಜಿಬಿಗೆ ಆ ದರದಲ್ಲಿ 15 ಸಾವಿರ ದಾಟ್ತದ. ನನ್ನ ವಾಲ್‌ಪೇಪರ್‌ಗಳು ನಾಲ್ಕೂವರೆ ಎಂಬಿ ಆಗಿದ್ದಿರಬೇಕು, ಅಷ್ಟೇ.

ಇದು ಕಾಸ್ಟಿಂಗ್‌ನ ಹಳೇ ಆಟ. ಯೂನಿಟ್ ಸಣ್ಣದು ಮಾಡಿದ್ರೆ ಬೆಲೆ ಸಣ್ಣದು ಕಾಣ್ತದ.

ಹಾಗಾಗಿ ನಮ್ಮ ಊರ ಹುಡುಗರು ಏನ್ ಮಾಡ್ತಿದ್ರು? ಇಂಟರ್ನೆಟ್‌ಗೆ ಹೋಗ್ತಾನೇ ಇರಲಿಲ್ಲ. ಗೋಕಾಕ ಬಸ್‌ಸ್ಟ್ಯಾಂಡ್ ಹತ್ರ, ಮೂಡಲಗಿ ಪೇಟೆಯಾಗ ಮೊಬೈಲ್ ಅಂಗಡಿಗೆ ಮೆಮೊರಿ ಕಾರ್ಡ್ ಕೊಟ್ಟರೆ 20-30 ರೂಪಾಯಿಗೆ 2 ಜಿಬಿ ತುಂಬ ಹಾಡು, ಸಿನಿಮಾ ತುಂಬಿ ಕೊಡೋರು. ಅದು ಕಾನೂನಿಗೆ ಸರಿಯಾದದ್ದಲ್ಲ, ಗೊತ್ತು. ಆದ್ರೆ ಲೆಕ್ಕ ನೋಡ್ರಿ: ಅದೇ 2 ಜಿಬಿ ಟವರ್‌ನಿಂದ ಬಂದಿದ್ರೆ 20 ಸಾವಿರ. ಅಂಗಡಿಯವ ಒಂದು ಸಲ ತಂದು ನೂರು ಜನಕ್ಕೆ ಹಂಚ್ತಿದ್ದ. ಫೋನಿಂದ ಫೋನಿಗೆ ಬ್ಲೂಟೂತ್‌ನಲ್ಲಿ ಕಳಿಸಿದ್ದೂ ಇದಕ್ಕೇ. ಇಂಟರ್ನೆಟ್ ಬೇಕೇಬೇಕು ಅಂದ್ರೆ ಒಪೇರಾ ಮಿನಿ. ಅದು ಪೇಜನ್ನ ತನ್ನ ಸರ್ವರ್‌ನಲ್ಲೇ ಕುಗ್ಗಿಸಿ ಸಣ್ಣದು ಮಾಡಿ ಕಳಿಸ್ತಿತ್ತು. ಸೆಟ್ಟಿಂಗ್ಸ್‌ನಾಗ ಇಮೇಜ್ ಆಫ್ ಮಾಡಿ ರಿಸಲ್ಟ್ ನೋಡಿದವರು ನಮ್ಮ ವಯಸ್ಸಿನವರು. ಕೈ ಎತ್ರಿ.

ಹುಕ್ಕೇರಿ ಕಡೆಯವರಿಗೆ ಇನ್ನೊಂದು ತಾಪತ್ರಯ ಇತ್ತು. ರೋಮಿಂಗ್. ಸಂಕೇಶ್ವರ ದಾಟಿದ್ರೆ ಗಡಹಿಂಗ್ಲಜ ಮಹಾರಾಷ್ಟ್ರ. ನಮಗೆ ಅದು ಸಂತೆಗೆ ಹೋಗೋ ಊರು, ಬೀಗರ ಊರು. ಮೊಬೈಲ್ ಕಂಪನಿಗೆ ಅದು ಬೇರೆ ಸರ್ಕಲ್. ನಮ್ಮ ಅತ್ತಿಯ ಮನೆ ಆ ಕಡೆ. ಅವರ ಅಂಗಳದಾಗ ನಿಂತರೆ ಕರ್ನಾಟಕ, ಹಿತ್ತಲಕ್ಕೆ ಹೋದರೆ ಮಹಾರಾಷ್ಟ್ರ, ಫೋನಿನ ಲೆಕ್ಕದಾಗ. ಬರೋ ಕರೆಗೂ ರೊಕ್ಕ, ಡೇಟಾಗೂ ಬೇರೆ ದರ. ಮನುಷ್ಯ ಕದಲಿಲ್ಲ, ಟವರ್ ಬದಲಾಯ್ತು, ಬ್ಯಾಲೆನ್ಸ್ ಹೋಯ್ತು. 2015ರಲ್ಲಿ ಟ್ರಾಯ್ ರೋಮಿಂಗ್‌ನ ಗರಿಷ್ಠ ದರ ಇಳಿಸಿತು. ಅದೇ ವರ್ಷ ಜೂನ್ 15ರಿಂದ ಬಿಎಸ್‌ಎನ್‌ಎಲ್ ರೋಮಿಂಗ್‌ನಲ್ಲಿ ಒಳಬರುವ ಕರೆ ಉಚಿತ ಮಾಡ್ತು. 2017ರ ಏಪ್ರಿಲ್‌ನಿಂದ ಏರ್‌ಟೆಲ್ ದೇಶದೊಳಗಿನ ರೋಮಿಂಗ್ ಶುಲ್ಕವನ್ನೇ ತೆಗೀತು. ಗಡಿಯ ಊರಿನವರಿಗೆ ಇದು ಎಷ್ಟು ದೊಡ್ಡ ಬಿಡುಗಡೆ ಅಂತ ನಡುನಾಡಿನವರಿಗೆ ತಿಳಿಯೋದು ಕಷ್ಟ.

ಆ ಮೆಸೇಜ್ ಹುಟ್ಟಿದ್ದು ಹೆಂಗ

ಟ್ರಾಯ್ ಅಂದ್ರೆ ದೂರಸಂಪರ್ಕದ ನಿಯಂತ್ರಣ ಪ್ರಾಧಿಕಾರ. ದೂರುಗಳು ಹೆಚ್ಚಾದ ಹಾಗೆ ಅದು ಒಂದೊಂದೇ ನಿಯಮ ತಂತು. ಗೊತ್ತಿಲ್ಲದೆ ಕಾಲರ್ ಟ್ಯೂನ್, ಜೋಕು, ಜ್ಯೋತಿಷ್ಯ ಆನ್ ಆಗಿ ರೊಕ್ಕ ಕಟ್ ಆಗ್ತಿತ್ತಲ್ಲ, ಅದನ್ನ ನಿಲ್ಲಿಸೋಕೆ 155223 ಅಂತ ಒಂದೇ ನಂಬರ್ ಮಾಡಿದ್ರು. 2012ರ ಜನವರಿಯಲ್ಲಿ ಗ್ರಾಹಕರ ರಕ್ಷಣೆಯ ನಿಯಮಾವಳಿ ಬಂತು. ರೀಚಾರ್ಜ್ ಕಾರ್ಡ್‌ಗಳಿಗೆ ಬಣ್ಣ ಬಂದದ್ದು ಅವಾಗಲೇ: ಪ್ಲ್ಯಾನ್ ವೋಚರ್‌ಗೆ ಕೆಂಪು ಪಟ್ಟಿ, ಟಾಪ್‌ಅಪ್‌ಗೆ ಹಸಿರು, ಸ್ಪೆಷಲ್ ವೋಚರ್‌ಗೆ ಹಳದಿ. ಓದೋಕೆ ಬರದವರೂ ಬಣ್ಣ ನೋಡಿ ಗುರುತು ಹಿಡೀಲಿ ಅಂತ.

ಡೇಟಾ ವಿಷಯದಲ್ಲಿ ದೊಡ್ಡ ವರ್ಷ 2015. ಅವತ್ತಿಂದ ಎರಡು ವಿಷಯ ಕಡ್ಡಾಯ ಆದ್ವು. ಒಂದು, ನಿಮ್ಮ ಒಪ್ಪಿಗೆ ಇಲ್ಲದೆ ಮೊಬೈಲ್ ಡೇಟಾ ಆನ್ ಮಾಡೋ ಹಾಗಿಲ್ಲ. 1925 ಅನ್ನೋ ಉಚಿತ ನಂಬರ್‌ಗೆ ಸ್ಟಾರ್ಟ್ ಅಂತ ಕಳಿಸಿದ್ರೆ ಮಾತ್ರ ಶುರು, ಸ್ಟಾಪ್ ಅಂತ ಕಳಿಸಿದ್ರೆ ಬಂದ್. ಎರಡು, ಪ್ಯಾಕ್‌ನ 50, 90, 100 ಪರ್ಸೆಂಟ್ ಮುಗಿದಾಗ ಮೆಸೇಜ್ ಕಳಿಸಬೇಕು. ನೀವು ನಿನ್ನೆ ಓದದೆ ಬಿಟ್ಟ ಮೆಸೇಜ್ ಇದೇ. ಮೂರು ವರ್ಷ ಮೊದಲು ಈ ನಿಯಮ ಬಂದಿದ್ರೆ ನನಗೆ ಏಟು ಬೀಳ್ತಿರಲಿಲ್ಲ.

ಆಗಿನ ಅಂಕಿ ಒಂದು ಹೇಳ್ತೀನಿ. 2014ರಲ್ಲಿ ನಮ್ಮ ದೇಶದಾಗ ಒಂದು ಜಿಬಿಗೆ ಸರಾಸರಿ 269 ರೂಪಾಯಿ ಬೀಳ್ತಿತ್ತು. ಒಬ್ಬರು ತಿಂಗಳಿಗೆ ಬಳಸ್ತಿದ್ದದ್ದು ಸರಾಸರಿ 61 ಎಂಬಿ ಆಸುಪಾಸು. ತಿಂಗಳಿಗೆ!

2016: ರೊಕ್ಕ ಹೋಯ್ತು, ಪಾಳಿ ಬಂತು

2016ರ ಸೆಪ್ಟೆಂಬರ್ 5. ಜಿಯೋ ಶುರು. ನಾನಾಗ ಬಿ.ಕಾಂ ಓದ್ತಿದ್ದೆ. ಸಿಮ್‌ಗೆ ಅಂತ ಅಂಗಡಿ ಮುಂದೆ ಆಧಾರ್ ಹಿಡ್ಕೊಂಡು ನಿಂತದ್ದು, ಮಧ್ಯಾಹ್ನ ಉಪವಾಸ ಇದ್ದದ್ದು ಎಲ್ಲ ನೆನಪೈತಿ. ಡಿಸೆಂಬರ್‌ವರೆಗೆ ಪುಕ್ಕಟೆ, ಆಮೇಲೆ ಮಾರ್ಚ್ 31ರವರೆಗೆ ಮತ್ತೆ ಪುಕ್ಕಟೆ. ಇದನ್ನ ಎಲ್ಲರೂ ಹೇಳ್ತಾರೆ. ಆದ್ರೆ ಒಂದು ಸಣ್ಣ ವಿಷಯ ಯಾರೂ ಹೇಳಲ್ಲ. ಪುಕ್ಕಟೆ ಇದ್ದಾಗಲೂ ಮಿತಿ ಇತ್ತು. ಮೊದಲು ದಿನಕ್ಕೆ 4 ಜಿಬಿ. ಜನವರಿಯಿಂದ ದಿನಕ್ಕೆ 1 ಜಿಬಿ.

ಇಲ್ಲಿ ಯೂನಿಟ್ ಬದಲಾಯ್ತು ನೋಡ್ರಿ. ಗಂಟೆ ಹೋಗಿ ಎಂಬಿ ಬಂದಿತ್ತು. ಈಗ ಎಂಬಿ ಹೋಗಿ ದಿನ ಬಂತು. 2017ರಲ್ಲಿ ರೊಕ್ಕ ಕೊಡೋ ಪ್ಲ್ಯಾನ್ ಬಂದಾಗಲೂ ಅದೇ ದಿನದ ಲೆಕ್ಕ. ಉಳಿದ ಕಂಪನಿಗಳೂ ಅದನ್ನೇ ಹಿಡಿದ್ವು.

ದಿನದ ಲೆಕ್ಕದ ಒಳ್ಳೇದು ಏನಂದ್ರೆ ಬಿಲ್‌ನ ಹೆದರಿಕೆ ಹೋಯ್ತು. ಮಿತಿ ದಾಟಿದ್ರೆ ರೊಕ್ಕ ಕಟ್ ಆಗಲ್ಲ, ವೇಗ 64 ಕೆಬಿಪಿಎಸ್‌ಗೆ ಇಳೀತದ. ಅಂದ್ರೆ 1 ಎಂಬಿ ಬರೋಕೆ ಎರಡು ನಿಮಿಷ. ಕೆಟ್ಟದ್ದು ಏನಂದ್ರೆ, ಇವತ್ತು ಉಳಿಸಿದ್ದು ನಾಳೆಗೆ ಸಿಗಲ್ಲ. ರಾತ್ರಿ 12ಕ್ಕೆ ಕೋಟಾ ಹೊಸದು, ಹಳೇದು ಸತ್ತು ಹೋಗ್ತದ.

ನಮ್ಮ ಕಡೆಯ ರೈತರಿಗೆ ಇದು ಪರಿಚಯದ ಲೆಕ್ಕ. ಕರ್ನಾಟಕದಾಗ 2008ರಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟ್ ಪುಕ್ಕಟೆ ಅಂತ ಆಯ್ತು. ಬಿಲ್ ಹೋಯ್ತು, ಆದ್ರೆ ದಿನಪೂರ್ತಿ ಕರೆಂಟ್ ಬರಲಿಲ್ಲ. ದಿನಕ್ಕೆ ಇಷ್ಟೇ ತಾಸು, ಅದೂ ಪಾಳಿ ಮೇಲೆ. ಇವತ್ತು ಮಳೆ ಬಂತು, ಮೋಟರ್ ಹಚ್ಚಲಿಲ್ಲ, ಆ ತಾಸು ನಾಳೆಗೆ ಸೇರಿಸಿ ಕೊಡ್ರಿ ಅಂದ್ರೆ ಕೊಡ್ತಾರಾ? ಇಲ್ಲ. ಡೇಟಾನೂ ಹಂಗೇ. ಬೆಲೆ ಇಳಿದ ಜಾಗಕ್ಕೆ ಪಾಳಿ ಬಂದು ಕೂರ್ತದ. ಟವರ್‌ನ ಸಾಮರ್ಥ್ಯಕ್ಕೂ ಒಂದು ಮಿತಿ ಐತಿ, ಕಾಲುವೆಗೆ ಇದ್ದ ಹಾಗೆ. ರೊಕ್ಕದಿಂದ ತಡೆಯದಿದ್ದರೆ ಬೇರೆ ಯಾವುದರಿಂದಲೋ ತಡೀಬೇಕು.

2020ರಲ್ಲಿ ನಮ್ಮ ಮನೆ

ಪಾಳಿ ತಪ್ಪಿದ್ರೆ ಏನಾಗ್ತದ ಅಂತ ನಾವು ಕಲಿತದ್ದು ಕೊರೊನಾ ವರ್ಷ. ತಂಗಿ ಡಿಗ್ರಿ ಮೊದಲನೇ ವರ್ಷ. ಆನ್‌ಲೈನ್ ಕ್ಲಾಸ್. ಮನೇಲಿ ಒಂದೇ ಸ್ಮಾರ್ಟ್‌ಫೋನ್, ಅಪ್ಪಂದು. ದಿನಕ್ಕೆ 1.5 ಜಿಬಿ. ಬೆಳಿಗ್ಗೆ 10ಕ್ಕೆ ಕ್ಲಾಸ್ ಶುರು. 11 ಆಗೋದ್ರೊಳಗೆ ಲೆಕ್ಚರರ್ ಮುಖ ನಿಂತುಬಿಡೋದು, ದನಿ ತುಂಡು ತುಂಡಾಗೋದು. ನೆಟ್‌ವರ್ಕ್ ಸರಿ ಇಲ್ಲ ಅಂತ ಆಕೆ ಫೋನ್ ಹಿಡ್ಕೊಂಡು ಮಾಳಿಗೆ ಹತ್ತೋದು, ಹೊಲದ ಬದುವಿಗೆ ಹೋಗೋದು. ಹದಿನೈದು ದಿನ ಹಿಂಗೇ ನಡೀತು. ಇಂಟರ್ನಲ್ ಟೆಸ್ಟ್ ಒಂದು ಅರ್ಧಕ್ಕೆ ನಿಂತುಹೋಯ್ತು. ಆಕೆ ಅಳೋದು ನೋಡಿ ನಾನು ಫೋನ್ ಇಸ್ಕೊಂಡು ಸೆಟ್ಟಿಂಗ್ಸ್ ತೆರೆದೆ.

ನೆಟ್‌ವರ್ಕ್ ಸರಿಯಾಗೇ ಇತ್ತು. ಡೇಟಾ ಮುಗಿದಿತ್ತು. ಅಪ್ಪ ಇಪ್ಪತ್ತು ವಾಟ್ಸ್‌ಆ್ಯಪ್ ಗ್ರೂಪ್‌ನಾಗ ಇದ್ರು. ಕಬ್ಬಿನ ದರದ ಗ್ರೂಪ್, ಸೊಸೈಟಿ ಗ್ರೂಪ್, ಬೀಗರ ಗ್ರೂಪ್, ಭಜನಿ ಗ್ರೂಪ್. ಬೆಳಿಗ್ಗೆ ಎದ್ದ ಕೂಡಲೇ ಎಲ್ಲರ ಶುಭೋದಯ ವಿಡಿಯೋ ತಾನಾಗೇ ಇಳೀತಿದ್ವು. ಅಪ್ಪ ಒಂದನ್ನೂ ತೆರೆದು ನೋಡಿರಲಿಲ್ಲ. ಕ್ಲಾಸಿನ ಅರ್ಧ ಪಾಲು ಆ ಶುಭೋದಯಕ್ಕೆ ಹೋಗಿತ್ತು. 90 ಪರ್ಸೆಂಟ್ ಮುಗಿದಿದೆ ಅನ್ನೋ ಮೆಸೇಜ್ ದಿನಾ ಬಂದಿತ್ತು. ಸಾಲಾಗಿ ಹದಿನೈದು ಮೆಸೇಜ್, ಓದದೇ ಬಿದ್ದಿದ್ವು. ಅದೂ ಇಂಗ್ಲಿಷ್‌ನಲ್ಲಿ.

2012ರಲ್ಲಿ ಅಪ್ಪ ನನ್ನ ನಂಬಲಿಲ್ಲ ಅಂತ ನನಗೆ ಸಿಟ್ಟಿತ್ತು. ಅವತ್ತು ಫೋನ್ ಹಿಡ್ಕೊಂಡು "ಅಪ್ಪಾ, ನೋಡ್ರಿ, ನೀವು ಯಾರಿಗೂ ಫೋನ್ ಮಾಡಿಲ್ಲ, ಆದ್ರೂ ಖಾಲಿ ಆಗೇತಿ" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ಅವತ್ತೂ ಹಿಂಗ ಆಗಿತ್ತೇನು?" ಅಂದ್ರು. ಎಂಟು ವರ್ಷ ಆದ ಮೇಲೆ.

28 ದಿನದ ತಿಂಗಳು

ಮಿತಿ ದಾಟಿದ ಶುಲ್ಕ ಹೋಯ್ತು ಅಂತ ನಾವು ಅಂದ್ಕೊಂಡ್ವಿ. ಪೂರ್ತಿ ಹೋಗಿಲ್ಲ, ವೇಷ ಬದಲಿಸಿದೆ. ಕಾಮರ್ಸ್‌ನವರಾಗಿ ಒಂದು ಲೆಕ್ಕ ಮಾಡೋಣ.

2024ರ ಜುಲೈನಲ್ಲಿ ದರ ಏರಿದಾಗ, ಜಿಯೋದ ದಿನಕ್ಕೆ 1.5 ಜಿಬಿ, 28 ದಿನದ ಪ್ಲ್ಯಾನ್ 239ರಿಂದ 299 ರೂಪಾಯಿ ಆಯ್ತು. 28 ದಿನ ಅಂದ್ರೆ ವರ್ಷಕ್ಕೆ 12 ಅಲ್ಲ, 13 ರೀಚಾರ್ಜ್. ಸಂಬಳ 12 ಸಲ, ರೀಚಾರ್ಜ್ 13 ಸಲ. ಆ ಹದಿಮೂರನೇದು 299 ರೂಪಾಯಿ. ಈ ದೂರು ಬಹಳ ಬಂದ ಮೇಲೆ 2022ರ ಜನವರಿಯಲ್ಲೇ ಟ್ರಾಯ್ ಹೇಳಿತ್ತು: ಪ್ರತಿ ಕಂಪನಿ 30 ದಿನದ ಪ್ಲ್ಯಾನ್ ಒಂದಾದ್ರೂ ಇಡಬೇಕು, ಪ್ರತಿ ತಿಂಗಳು ಅದೇ ತಾರೀಖಿಗೆ ನವೀಕರಿಸೋ ಪ್ಲ್ಯಾನ್ ಒಂದಾದ್ರೂ ಇಡಬೇಕು. ಇದಾವೆ. ಆದ್ರೆ ಹುಡುಕಬೇಕು.

ಇನ್ನೊಂದು. ದಿನಕ್ಕೆ 1.5 ಜಿಬಿ ಅಂದ್ರೆ 28 ದಿನಕ್ಕೆ 42 ಜಿಬಿ. ಪೂರ್ತಿ ಬಳಸಿದ್ರೆ ಜಿಬಿಗೆ 7 ರೂಪಾಯಿ ಚಿಲ್ಲರೆ. ನೀವು ದಿನಕ್ಕೆ ಅರ್ಧ ಜಿಬಿ ಮಾತ್ರ ಬಳಸೋರಾದ್ರೆ ನಿಮಗೆ ಬೀಳೋದು ಜಿಬಿಗೆ 21 ರೂಪಾಯಿ. ಹೆಚ್ಚು ಬಳಸಿದವರಿಗೆ ಹಿಂದೆ ದಂಡ ಬೀಳ್ತಿತ್ತು. ಈಗ ಕಡಿಮೆ ಬಳಸೋರಿಗೆ ಬೀಳ್ತಿದೆ.

ಅದರಲ್ಲೂ ಅತೀ ಹೆಚ್ಚು ದಂಡ ಕಟ್ಟಿದವರು ಡೇಟಾ ಮುಟ್ಟೇ ಇಲ್ಲದವರು. ನಮ್ಮ ಅತ್ತಿ, ಆ ಗಡಿ ಮನೆಯವರು, ಇವತ್ತಿಗೂ ಕೀಪ್ಯಾಡ್ ಫೋನ್. ಆಕೆಗೆ ಬೇಕಾದ್ದು ಮಗಳಿಗೆ ಒಂದು ಕರೆ, ಬ್ಯಾಂಕಿನ ಒಂದು ಮೆಸೇಜ್. ಆದ್ರೂ ವರ್ಷಗಟ್ಟಲೆ ಡೇಟಾ ಸಮೇತ ಪ್ಯಾಕ್ ಹಾಕಿಸ್ಕೊಂಡ್ರು. ಬೇರೆ ಪ್ಯಾಕ್ ಇರಲೇ ಇಲ್ಲ. 2024ರ ಡಿಸೆಂಬರ್ 23ಕ್ಕೆ ಟ್ರಾಯ್ ನಿಯಮ ತಿದ್ದಿತು. ಬರೀ ಕರೆ ಮತ್ತು ಎಸ್‌ಎಂಎಸ್ ಇರೋ, ಡೇಟಾ ಇಲ್ಲದ ವೋಚರ್ ಒಂದಾದ್ರೂ ಇಡಲೇಬೇಕು ಅಂತ. ಅಂಥ ವೋಚರ್‌ಗಳ ಅವಧಿ 365 ದಿನದವರೆಗೂ ಇರಬಹುದು ಅಂತ. 2025ರ ಜನವರಿಯಲ್ಲಿ ಕಂಪನಿಗಳು ಅಂಥ ಪ್ಲ್ಯಾನ್ ತಂದ್ವು.

ಅತ್ತಿಗೆ ಅದನ್ನ ಹಾಕಿಸೋಣ ಅಂತ ಅಂಗಡಿಗೆ ಹೋದೆ. "ಹಂಗಿಂಥಾದ್ದು ಬರೋದಿಲ್ಲ" ಅಂದ ಅಂಗಡಿಯವ. ಅವನದ್ದೂ ತಪ್ಪಲ್ಲ, ಅವನಿಗೆ ಯಾರೂ ಹೇಳಿರಲಿಲ್ಲ. ನನ್ನ ಫೋನಿನಾಗ ಆ ಕಂಪನಿಯ ಆ್ಯಪ್ ತೆರೆದು ಕೆಳಗೆ, ಇನ್ನೂ ಕೆಳಗೆ ಹೋದ ಮೇಲೆ ಸಿಕ್ತು. ಅತ್ತಿ ಕೇಳಿದ್ರು: "ಅಷ್ಟ ಕೆಳಗ ಯಾಕ ಇಟ್ಟಾರೋ?" ಉತ್ತರ ನಿಮಗೆ ಗೊತ್ತೈತಿ.

ಮೀಟರ್ ನಾವೇ ಓದೋದು

ಹುಕ್ಕೇರಿಯವರ ವಿದ್ಯುತ್ ಸಂಘದ ಮಾತು ನೆನಪಿಡ್ರಿ ಅಂದಿದ್ದೆ. ಮೊಬೈಲ್ ಕಂಪನಿಯಲ್ಲಿ ನಮಗೆ ಓಟಿಲ್ಲ. ಆದ್ರೆ ಮೀಟರ್ ಓದೋ ಹಕ್ಕಿದೆ, ದೂರು ಕೊಡೋ ಹಕ್ಕಿದೆ. ಇಲ್ಲಿವರೆಗಿನ ಕಥೇಲಿ ಬಂದ ಒಂದೊಂದು ನಿಯಮವೂ ಯಾರೋ ಸಾಮಾನ್ಯ ಮನುಷ್ಯರು "ನನ್ನ ರೊಕ್ಕ ಎಲ್ಲಿಗೆ ಹೋಯ್ತು" ಅಂತ ಕೇಳಿದ್ದಕ್ಕೇ ಬಂದದ್ದು. ಸುಮ್ಮನೆ ಬಂದದ್ದು ಒಂದೂ ಇಲ್ಲ.

ಹಾಗಾಗಿ ಇವತ್ತು ಐದು ನಿಮಿಷ ಕೊಡ್ರಿ. ಆಂಡ್ರಾಯ್ಡ್‌ನಲ್ಲಿ 2011ರ 4.0 ಆವೃತ್ತಿಯಿಂದಲೇ ಡೇಟಾ ಮೀಟರ್ ಐತಿ. ಸೆಟ್ಟಿಂಗ್ಸ್‌ಗೆ ಹೋಗಿ ಡೇಟಾ ಯೂಸೇಜ್ ತೆರೀರಿ. ಯಾವ ಆ್ಯಪ್ ಎಷ್ಟು ತಿಂದಿದೆ ಅಂತ ಸಾಲಾಗಿ ತೋರಿಸ್ತದ. ಮೇಲಿನ ಮೂರು ನೋಡ್ರಿ ಸಾಕು. ವಾಟ್ಸ್‌ಆ್ಯಪ್‌ನಲ್ಲಿ ಮೊಬೈಲ್ ಡೇಟಾ ಇದ್ದಾಗ ವಿಡಿಯೋ ತಾನಾಗೇ ಇಳಿಯೋದನ್ನ ಬಂದ್ ಮಾಡ್ರಿ. ಆ್ಯಪ್ ಅಪ್‌ಡೇಟ್ ವೈಫೈನಲ್ಲಿ ಮಾತ್ರ ಅಂತ ಹಾಕ್ರಿ. ಯೂಟ್ಯೂಬ್‌ನಲ್ಲಿ ಸಣ್ಣ ಸ್ಕ್ರೀನ್‌ಗೆ 480ಪಿ ಸಾಕು. 5ಜಿ ಅನ್‌ಲಿಮಿಟೆಡ್ ಅಂತ ನಂಬಿ ಕೂತವರು ಒಂದು ಗಮನಿಸ್ರಿ: ಫೋನ್ 4ಜಿಗೆ ಇಳಿದ ಕ್ಷಣದಿಂದ ದಿನದ ಕೋಟಾ ಓಡ್ತದ. ಪೇಟೆಯಿಂದ ಹಳ್ಳಿಗೆ ಬಸ್ಸಿನಾಗ ಹೋಗುವಾಗ ಹಿಂಗೇ ಖಾಲಿ ಆಗೋದು. ಆಮೇಲೆ ಮುಂದಿನ ರೀಚಾರ್ಜ್‌ಗೆ ಮುಂಚೆ ಕಳೆದ 28 ದಿನದ ಒಟ್ಟು ಬಳಕೆ ನೋಡಿ ಪ್ಲ್ಯಾನ್ ಆರಿಸ್ರಿ, ಅಂಗಡಿಯವ ಹೇಳಿದ್ದಲ್ಲ.

ನಿಮ್ಮದು ಆದ ಮೇಲೆ ಅಪ್ಪ-ಅವ್ವನ ಫೋನ್ ತಗೊಳ್ರಿ. ಅವರಿಗೆ ಬೈಬ್ಯಾಡ್ರಿ. ಪಕ್ಕದಾಗ ಕೂತು ತೋರಿಸ್ರಿ. ನೀರಿನ ಪಾಳಿ, ಕರೆಂಟಿನ ಪಾಳಿ ತಿಳಿದವರಿಗೆ ಡೇಟಾ ಪಾಳಿ ತಿಳಿಯೋದು ಎರಡು ನಿಮಿಷದ ಕೆಲಸ. ನಮ್ಮಪ್ಪ ಈಗ ರಾತ್ರಿ ಮಲಗೋಕೆ ಮುಂಚೆ ದಿನಾ ಡೇಟಾ ಚೆಕ್ ಮಾಡ್ತಾರೆ. ಉಳಿದಿದ್ರೆ "ಏ, ಇನ್ನೂ 400 ಎಂಬಿ ಐತಿ, 12ಕ್ಕ ಹೋಗ್ತೇತಿ, ಏನರ ನೋಡೂದಿದ್ರ ನೋಡ್ರಿ" ಅಂತ ಎಲ್ಲರನ್ನೂ ಕರೀತಾರೆ. ಕಾಲುವೆ ನೀರು ಬಂದ್ ಆಗೋ ಹಿಂದಿನ ದಿನ ಕರೆದ ಹಾಗೇ.

ನಿಮ್ಮ ಮನೇಲೂ ಇಂಥ ರೀಚಾರ್ಜ್ ಕಥೆ ಇರಬೇಕು. ವಾಯ್ಸ್ ನೋಟ್ ಕಳಿಸ್ರಿ, ಸಣ್ಣದು, ನಂದೂ ದಿನಕ್ಕೆ 1.5 ಜಿಬಿನೇ. ಮುಂದಿನ ಸಂಚಿಕೇಲಿ ಸಿಗೋಣ. ಬರ್ತೀನ್ರಿ.